ಸಸ್ಪೆಂಡ್ ಮಾಡುವಾಗ ಡಿಸ್ಕ್‌ಗೆ ಹೇಳುವವರು ಯಾರು?

ಡೆಸ್ಕ್‌ಟಾಪ್ ಸಸ್ಪೆಂಡ್ ಮಾಡುವಾಗ, ಅಂದರೆ ತೆರೆದ ಕೆಲಸ ಹಾಗೇ ಇಟ್ಟು ಮಲಗಿಸುವಾಗ, ಒಮ್ಮೆ ಕಿವಿಗೊಟ್ಟು ಕೇಳಿ. ಒಳಗೆ ಹಾರ್ಡ್ ಡಿಸ್ಕ್ ಇದ್ದರೆ ಎರಡು ಥರದ ಸದ್ದು ಬರಬಹುದು. ಮೆಲ್ಲಗೆ ಟಿಕ್ ಅಂದು, ಡಿಸ್ಕ್ ತಿರುಗುವ ಸದ್ದು ಇಳಿಯುತ್ತಾ ಹೋಗಿ, ಆಮೇಲೆ ಫ್ಯಾನ್ ನಿಲ್ಲುವುದು ಒಂದು ಥರ. ಎಲ್ಲವೂ ಒಂದೇ ಏಟಿಗೆ ಆಫ್ ಆಗಿ, ಅದೇ ಕ್ಷಣಕ್ಕೆ ಟಕ್ ಅಂತ ಜೋರಾಗಿ ಒಂದು ಸದ್ದು ಬರುವುದು ಇನ್ನೊಂದು ಥರ. ಮೊದಲನೆಯದರಲ್ಲಿ ಡಿಸ್ಕ್‌ಗೆ ಮುಂಚೆ ಹೇಳಿ ಕರೆಂಟ್ ತೆಗೆದಿದ್ದಾರೆ. ಎರಡನೆಯದರಲ್ಲಿ ಹೇಳದೆ ಕೇಳದೆ ತೆಗೆದಿದ್ದಾರೆ.

ನನ್ನ ಮಟ್ಟಿಗೆ ಸಸ್ಪೆಂಡ್ ವಿಷಯದಲ್ಲಿ ಡಿಸ್ಕ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಕರೆಂಟ್ ಹೋಗುವ ಮುಂಚೆ ಡಿಸ್ಕ್‌ಗೆ ಯಾರಾದರೂ ಹೇಳಿದರಾ, ಇಲ್ವಾ? ಹೇಳಬೇಕಾದವರು ಮೂರು ಜನ ಇದ್ದಾರೆ: ಆಪರೇಟಿಂಗ್ ಸಿಸ್ಟಂ, ಬಯೋಸ್ (ಮದರ್‌ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ), ಮತ್ತು ಡಿಸ್ಕ್‌ನ ಸ್ವಂತ ಫರ್ಮ್‌ವೇರ್ (ಡಿಸ್ಕ್ ಒಳಗೇ ಇರುವ ಪ್ರೋಗ್ರಾಂ). ಮೂವರೂ ಇನ್ನೊಬ್ಬರು ಮಾಡುತ್ತಾರೆ ಅಂದುಕೊಂಡು ಸುಮ್ಮನಿದ್ದಾಗ ತೊಂದರೆ ಶುರುವಾಗುತ್ತದೆ. ಎಲ್ಲರೂ ತಾವೇ ಮಾಡಲು ಹೊರಟರೂ ಅಷ್ಟೇ. ನಾನು ಜಾಸ್ತಿ ಬಳಸುವುದು ಲಿನಕ್ಸ್, ಹಾಗಾಗಿ ಅದರ ಮಾತೇ ಇಲ್ಲಿ ಜಾಸ್ತಿ. ವಿಂಡೋಸ್‌ನವರಿಗೂ ಅಲ್ಲಲ್ಲಿ ಉಪಯೋಗ ಆಗಬಹುದು.

ಮೊದಲು ಹಳೇ ಕಾಲದ ಸಸ್ಪೆಂಡ್, ಅಂದರೆ ಎಸ್‌3. ಡೆಸ್ಕ್‌ಟಾಪ್‌ಗಳಲ್ಲಿ ಈಗಲೂ ಸಾಮಾನ್ಯವಾಗಿ ಇರುವುದು ಇದೇ. ಇದರಲ್ಲಿ ರ‍್ಯಾಮ್‌ಗೆ ಮಾತ್ರ ಕರೆಂಟ್ ಇರುತ್ತದೆ. ಒಳಗೆ ಕರೆಂಟ್ ಹಂಚುವ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ನ 12 ವೋಲ್ಟ್ ಲೈನ್ ಹೋಗುತ್ತದೆ, ಮಾಮೂಲಿ 5 ವೋಲ್ಟ್ ಲೈನ್ ಹೋಗುತ್ತದೆ, ಉಳಿಯುವುದು 5 ವೋಲ್ಟ್‌ನ ಸ್ಟ್ಯಾಂಡ್‌ಬೈ ಲೈನ್ ಒಂದೇ. ಅಂದರೆ ಡಿಸ್ಕ್ ‘ಮಲಗುವುದಿಲ್ಲ’, ಪೂರ್ತಿ ಆಫ್ ಆಗುತ್ತದೆ. ಡಿಸ್ಕ್‌ನ ದೃಷ್ಟಿಯಲ್ಲಿ ಸಸ್ಪೆಂಡ್‌ಗೂ ಶಟ್‌ಡೌನ್‌ಗೂ ಏನೂ ವ್ಯತ್ಯಾಸ ಇಲ್ಲ. ಇದು ತುಂಬ ಜನರಿಗೆ ಗೊತ್ತಿರುವುದಿಲ್ಲ. ಸಸ್ಪೆಂಡ್‌ನಲ್ಲಿ ಡಿಸ್ಕ್ ಸ್ವಲ್ಪ ಕರೆಂಟ್ ತಿನ್ನುತ್ತಾ ಕೂತಿರುತ್ತದೆ ಅಂತಲೇ ಅಂದುಕೊಂಡಿರುತ್ತಾರೆ.

ಹಾರ್ಡ್ ಡಿಸ್ಕ್ ಓಡುವಾಗ ಅದರ ಹೆಡ್ (ಓದುವ, ಬರೆಯುವ ತುದಿ) ಪ್ಲ್ಯಾಟರ್‌ನಿಂದ (ತಿರುಗುವ ತಟ್ಟೆಯಿಂದ) ಕೆಲವೇ ನ್ಯಾನೋಮೀಟರ್ ಮೇಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ತೇಲಿಸುವುದು ಪ್ಲ್ಯಾಟರ್ ತಿರುಗುವಾಗ ಏಳುವ ಗಾಳಿಯೇ. ತಿರುಗುವುದು ನಿಂತರೆ ಹೆಡ್ ಕೆಳಗೆ ಕೂರುತ್ತದೆ. ಹಾಗಾಗಬಾರದು ಅಂತ ಈಗಿನ ಡಿಸ್ಕ್‌ಗಳಲ್ಲಿ ಪ್ಲ್ಯಾಟರ್‌ನ ಅಂಚಿನಲ್ಲಿ ಒಂದು ಪ್ಲಾಸ್ಟಿಕ್ ರ‍್ಯಾಂಪ್ ಇರುತ್ತದೆ, ಹೆಡ್ ಅದರ ಮೇಲೆ ಹತ್ತಿ ಕೂರುತ್ತದೆ. ಇದಕ್ಕೇ ಪಾರ್ಕಿಂಗ್ ಅನ್ನುವುದು. ಮುಂಚೆ ಹೇಳಿ ನಿಲ್ಲಿಸಿದರೆ ನಿಧಾನಕ್ಕೆ, ಲೆಕ್ಕದ ವೇಗದಲ್ಲಿ ಹತ್ತುತ್ತದೆ. ಹೇಳದೆ ಕರೆಂಟ್ ತೆಗೆದರೆ? ಅಲ್ಲೊಂದು ಚಂದದ ಉಪಾಯ ಇದೆ. ಮೋಟರ್ ಇನ್ನೂ ತಿರುಗುತ್ತಿರುತ್ತದೆ ಅಲ್ವಾ, ಆ ತಿರುಗುವಿಕೆಯಿಂದಲೇ ಒಂದಿಷ್ಟು ವಿದ್ಯುತ್ ಹುಟ್ಟುತ್ತದೆ. ಅದನ್ನೇ ಬಳಸಿ ಡಿಸ್ಕ್ ತನ್ನ ಹೆಡ್ ಅನ್ನು ಗಬಕ್ಕನೆ ರ‍್ಯಾಂಪ್ ಮೇಲೆ ಎಳೆದು ಹಾಕುತ್ತದೆ. ಆ ಜೋರಾದ ಟಕ್ ಸದ್ದು ಇದೇ. ಆಗಲೇ ಬರೆದಾಗಿರುವ ಡೇಟಾ ಉಳಿಯುತ್ತದೆ, ಡಿಸ್ಕ್ ಕೂಡ ಅಲ್ಲೇ ಸಾಯುವುದಿಲ್ಲ. ಆದರೆ ಸವೆತ ಜಾಸ್ತಿ. ಕೆಲವು ಲ್ಯಾಪ್‌ಟಾಪ್ ಡಿಸ್ಕ್‌ಗಳ ಸ್ಪೆಕ್ ಹಾಳೆ ನೋಡಿದರೆ, ಮಾಮೂಲಿ ಪಾರ್ಕಿಂಗ್ 6 ಲಕ್ಷ ಸಲ ತಡೆಯುತ್ತದೆ ಅಂತ ಇರುತ್ತದೆ, ತುರ್ತು ಪಾರ್ಕಿಂಗ್ ಬರೀ 20 ಸಾವಿರ ಸಲ. ಈ ಎರಡು ಅಂಕಿ ನೋಡಿದ ಮೇಲೆ ಆ ಸದ್ದನ್ನು ಲಘುವಾಗಿ ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ.

ಕಿವಿಯ ಮೇಲೆ ನಂಬಿಕೆ ಇಲ್ಲದವರಿಗೆ ಡಿಸ್ಕ್ ತಾನೇ ಲೆಕ್ಕ ಇಟ್ಟಿರುತ್ತದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಬರೆದಿಡುವ ಸ್ಮಾರ್ಟ್ ಮಾಹಿತಿಯಲ್ಲಿ 192ನೇ ಸಾಲು, ಪವರ್-ಆಫ್ ರಿಟ್ರ್ಯಾಕ್ಟ್ ಕೌಂಟ್, ಅಂದರೆ ತುರ್ತು ಪಾರ್ಕಿಂಗ್‌ನ ಲೆಕ್ಕ. ಪಕ್ಕದಲ್ಲೇ 193, ಲೋಡ್ ಸೈಕಲ್ ಕೌಂಟ್, ಅದು ಹೆಡ್ ಪಾರ್ಕ್ ಆದ ಒಟ್ಟು ಲೆಕ್ಕ. ಇದನ್ನು ತೋರಿಸುವ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಓಡಿಸಿ ಎರಡೂ ಸಾಲಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಒಮ್ಮೆ ಸಸ್ಪೆಂಡ್ ಮಾಡಿ ಎಬ್ಬಿಸಿ, ಮತ್ತೆ ನೋಡಿ. 193 ಒಂದು ಹೆಚ್ಚಾಗಿದ್ದು 192 ಇದ್ದಲ್ಲೇ ಇದ್ದರೆ ಎಲ್ಲ ಸರಿ ಇದೆ, ಇಲ್ಲಿಗೇ ಓದುವುದು ನಿಲ್ಲಿಸಬಹುದು. 192 ಕೂಡ ಏರಿದ್ದರೆ ಅನುಮಾನ ಪಡಬೇಕು. ಕೆಲವು ಕಂಪನಿಗಳು 192ರಲ್ಲಿ ಮಾಮೂಲಿ ಪಾರ್ಕಿಂಗ್ ಕೂಡ ಸೇರಿಸಿ ಎಣಿಸುತ್ತವೆ. ಹಾಗಾಗಿ ಕೈಯಿಂದ ಸ್ಟ್ಯಾಂಡ್‌ಬೈ ಕಮಾಂಡ್ (ತಿರುಗುವುದು ನಿಲ್ಲಿಸು ಅನ್ನುವುದು) ಕೊಟ್ಟಾಗಲೂ ಏರುತ್ತದಾ ಅಂತ ಒಮ್ಮೆ ನೋಡಿಕೊಂಡರೆ ಒಳ್ಳೆಯದು.

ಈಗ ಯಾರು ಹೇಳಬೇಕು ಅನ್ನುವುದಕ್ಕೆ ಬರೋಣ. ಲಿನಕ್ಸ್‌ನಲ್ಲಿ ಈ ಕಥೆ ಸ್ವಾರಸ್ಯವಾಗಿದೆ. ಸಾಟಾ ಕೇಬಲ್‌ನಲ್ಲಿ ಜೋಡಿಸಿದ ಡಿಸ್ಕ್ ಕರ್ನೆಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಎರಡು ಪದರಗಳಲ್ಲಿ ಕಾಣುತ್ತದೆ. ಕೆಳಗೆ ಲಿಬ್‌ಎಟಿಎ, ಮೇಲೆ ಸ್ಕಸಿ ಡಿಸ್ಕ್ ಡ್ರೈವರ್. ಡಿಸ್ಕ್ ನಿಲ್ಲಿಸುವ ಕೆಲಸ ಯಾವ ಪದರದ್ದು? ಅದರ ಜೊತೆಗೆ ಆಗಿನ ಕಾಲದಲ್ಲಿ ಶಟ್‌ಡೌನ್ ಮಾಡುವ ಪ್ರೋಗ್ರಾಂ ಕೂಡ ತಾನೇ ಡಿಸ್ಕ್‌ಗೆ ನಿಲ್ಲು ಅಂತ ಹೇಳುತ್ತಿತ್ತು. ಅದಾದ ಮೇಲೆ ಕರ್ನೆಲ್ ಬಂದು ಕ್ಯಾಶ್ (ಡಿಸ್ಕ್ ಇನ್ನೂ ಬರೆಯದೆ ತಾತ್ಕಾಲಿಕವಾಗಿ ಇಟ್ಟುಕೊಂಡ ಡೇಟಾ) ಖಾಲಿ ಮಾಡು ಅನ್ನುತ್ತಿತ್ತು. ಕೆಲವು ಡಿಸ್ಕ್‌ಗಳು ಆ ಮಾತು ಕೇಳಿ ಮತ್ತೆ ತಿರುಗಲು ಶುರು ಮಾಡುತ್ತಿದ್ದವು. ಅಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು, ಟಕ್! 2007ರಲ್ಲಿ ಬಂದ 2.6.22 ಕರ್ನೆಲ್ ಇದಕ್ಕೆ ಒಂದು ವ್ಯವಸ್ಥೆ ಮಾಡಿತು. ನಿಲ್ಲಿಸುವುದು ಇನ್ನು ಮೇಲೆ ಕರ್ನೆಲ್‌ನ ಕೆಲಸ, ಬೇರೆಯವರು ಕೈ ಹಾಕಬೇಡಿ ಅಂತ. ಹಳೇ ಶಟ್‌ಡೌನ್ ಪ್ರೋಗ್ರಾಂ ಇನ್ನೂ ಕೈ ಹಾಕಿದರೆ, ಡಿಸ್ಕ್ ಸರಿಯಾಗಿ ನಿಲ್ಲದೆ ಹೋಗಬಹುದು, ನಿಮ್ಮ ಶಟ್‌ಡೌನ್ ಪ್ರೋಗ್ರಾಂ ಅಪ್‌ಡೇಟ್ ಮಾಡಿ ಅಂತ ದೊಡ್ಡ ಅಕ್ಷರಗಳಲ್ಲಿ ಕಿರುಚುತ್ತಿತ್ತು. ಕರ್ನೆಲ್ ಸಂದೇಶಗಳು ಸಾಮಾನ್ಯವಾಗಿ ಗೊಣಗುತ್ತವೆ, ಕಿರುಚುವುದು ಕಡಿಮೆ.

ಅಲ್ಲಿಂದ ಬಹಳ ವರ್ಷ, ಸಸ್ಪೆಂಡ್ ಮಾಡಿದಾಗಲೆಲ್ಲ ಕರ್ನೆಲ್‌ನ ಲಾಗ್‌ನಲ್ಲಿ (ದಿನಚರಿಯಲ್ಲಿ) ಎರಡು ಸಾಲು ಬರುತ್ತಿದ್ದವು: ‘ಸಿಂಕ್ರೊನೈಸಿಂಗ್ ಸ್ಕಸಿ ಕ್ಯಾಶ್’, ಅದರ ಕೆಳಗೆ ‘ಸ್ಟಾಪಿಂಗ್ ಡಿಸ್ಕ್’. ಎದ್ದಾಗ ‘ಸ್ಟಾರ್ಟಿಂಗ್ ಡಿಸ್ಕ್’. ಹಳೇ ಕರ್ನೆಲ್ ಇದ್ದವರಿಗೆ ಈಗಲೂ ಅದೇ ಕಾಣಿಸುತ್ತದೆ. ಆದರೆ ಎಬ್ಬಿಸುವಾಗ ಮೇಲಿನ ಪದರ ‘ಏಳು’ ಅಂತ ಕಮಾಂಡ್ ಕಳಿಸುವುದು, ಕೆಳಗಿನ ಪದರ ಇನ್ನೂ ತಾನೇ ಎದ್ದಿರದಿರುವುದು, ಒಬ್ಬರಿಗೊಬ್ಬರು ಕಾಯುತ್ತಾ ಇಡೀ ಮೆಷಿನ್ ಸಿಕ್ಕಿಹಾಕಿಕೊಳ್ಳುವುದು, ಇಂಥ ದೂರುಗಳು ಬರತೊಡಗಿದವು. 2023ರ 6.6 ಕರ್ನೆಲ್‌ನಲ್ಲಿ ಈ ಕೆಲಸವನ್ನು ಲಿಬ್‌ಎಟಿಎ ತನ್ನ ಕೈಗೆ ತೆಗೆದುಕೊಂಡಿತು. ಈಗ ಲಾಗ್‌ನಲ್ಲಿ ಬರುವುದು ‘ಎಂಟರಿಂಗ್ ಸ್ಟ್ಯಾಂಡ್‌ಬೈ ಪವರ್ ಮೋಡ್’, ಎದ್ದಾಗ ‘ಎಂಟರಿಂಗ್ ಆ್ಯಕ್ಟಿವ್ ಪವರ್ ಮೋಡ್’. ಮೊದಲು ಒಂದೇ ಇದ್ದ ಸೆಟ್ಟಿಂಗ್ ಫೈಲ್ ಒಡೆದು ಮೂರಾಯಿತು: ಸಿಸ್ಟಂ ಸಸ್ಪೆಂಡ್‌ಗೆ ಒಂದು, ಮೆಷಿನ್ ಎದ್ದಿದ್ದು ಡಿಸ್ಕ್ ಮಾತ್ರ ಸುಮ್ಮನಿರುವಾಗಿನ ಉಳಿತಾಯಕ್ಕೆ ಒಂದು, ಶಟ್‌ಡೌನ್‌ಗೆ ಇನ್ನೊಂದು. ಈ ಶಟ್‌ಡೌನ್‌ನದು ಆಮೇಲೆ ಸೇರಿಸಿದ್ದು. ಯಾಕೆಂದರೆ ಕೈ ಬದಲಾಯಿಸುವ ಗಡಿಬಿಡಿಯಲ್ಲಿ ಕೆಲವು ಆವೃತ್ತಿಗಳು ಶಟ್‌ಡೌನ್ ಹೊತ್ತಿಗೆ ಡಿಸ್ಕ್ ನಿಲ್ಲಿಸುವುದನ್ನೇ ಬಿಟ್ಟುಬಿಟ್ಟಿದ್ದವು. ಹಾರ್ಡ್ ಡಿಸ್ಕ್ ಬಳಸುವವರು 192ನೇ ಸಾಲು ಏರುವುದನ್ನು ನೋಡಿ ದೂರು ಕೊಟ್ಟರು, ಸರಿಯಾಯಿತು. ಹೊಸ ಕರ್ನೆಲ್‌ಗೆ ಹೋದಾಗಲೆಲ್ಲ ಒಮ್ಮೆ ಆ ಸಾಲು ನೋಡಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ಇಲ್ಲಿ ಒಂದು ಹೆದರಿಕೆಯನ್ನು ಪಕ್ಕಕ್ಕೆ ಇಡೋಣ. ದಿನಾ ಸಸ್ಪೆಂಡ್ ಮಾಡಿದರೆ ಡಿಸ್ಕ್ ಬೇಗ ಹಾಳಾಗುತ್ತದೆ, ಆನ್ ಇಟ್ಟರೇ ಒಳ್ಳೆಯದು ಅಂತ ಹೇಳುವವರು ಈಗಲೂ ಇದ್ದಾರೆ. ಲೆಕ್ಕ ಹಾಕಿ. ದಿನಕ್ಕೆ 10 ಸಲ ಸಸ್ಪೆಂಡ್ ಮಾಡಿದರೂ ವರ್ಷಕ್ಕೆ 3,650. ಬರೀ 3 ಲಕ್ಷ ಸಲ ತಡೆಯುವ ಡಿಸ್ಕ್ ಆದರೂ 82 ವರ್ಷ ಬರಬೇಕು. ಪಾರ್ಕಿಂಗ್ ಲೆಕ್ಕದಲ್ಲಿ ಡಿಸ್ಕ್ ಕೊಲ್ಲುವುದು ಸಸ್ಪೆಂಡ್ ಅಲ್ಲ, ಎಚ್ಚರ ಇರುವಾಗಿನ ಅತಿ ಜಿಪುಣತನ. 2007ರ ಆಸುಪಾಸಿನಲ್ಲಿ ಉಬುಂಟು ಬಳಸುವ ಲ್ಯಾಪ್‌ಟಾಪ್‌ಗಳಲ್ಲಿ ಇದೇ ದೊಡ್ಡ ಗಲಾಟೆ ಆಗಿತ್ತು. ಬ್ಯಾಟರಿ ಉಳಿಸಲು ಡಿಸ್ಕ್ ಕೆಲವೇ ಸೆಕೆಂಡ್‌ಗೆ ಹೆಡ್ ಪಾರ್ಕ್ ಮಾಡುವುದು, ಅಷ್ಟರಲ್ಲೇ ಯಾವುದೋ ಪ್ರೋಗ್ರಾಂ ಲಾಗ್ ಬರೆಯಲು ಮತ್ತೆ ಕರೆಯುವುದು. ವೆಸ್ಟರ್ನ್ ಡಿಜಿಟಲ್‌ನ ಗ್ರೀನ್ ಡಿಸ್ಕ್‌ಗಳಲ್ಲಿ 8 ಸೆಕೆಂಡ್‌ಗೇ ಪಾರ್ಕ್ ಆಗುವ ಟೈಮರ್ ಇತ್ತು, ಅದನ್ನು ಬದಲಾಯಿಸಲು ಪ್ರತ್ಯೇಕ ಟೂಲ್ ಬೇಕಾಗುತ್ತಿತ್ತು. ಅರ್ಧ ನಿಮಿಷಕ್ಕೊಮ್ಮೆ ಹೀಗಾದರೆ ದಿನಕ್ಕೆ 2,880. 3 ಲಕ್ಷ ಮುಟ್ಟಲು ನಾಲ್ಕು ತಿಂಗಳೂ ಬೇಡ. ಹಾಗಾಗಿ ಡಿಸ್ಕ್ ಉಳಿಸಬೇಕು ಅಂತಿದ್ದರೆ ಪಾರ್ಕಿಂಗ್ ಟೈಮರ್ ನೋಡಿ. ಸಸ್ಪೆಂಡ್ ಅನ್ನು ಆರಾಮಾಗಿ ಮಾಡಿ.

ಏಳುವ ವಿಷಯ ಬೇರೆ. ಅಲ್ಲಿ ತಾಳ್ಮೆ ಪರೀಕ್ಷೆ. 3.5 ಇಂಚಿನ ಡಿಸ್ಕ್ ನಿಂತಲ್ಲಿಂದ ನಿಮಿಷಕ್ಕೆ 7200 ಸುತ್ತಿನ ವೇಗಕ್ಕೆ ಬರಲು ಹಲವು ಸೆಕೆಂಡ್ ಬೇಕು. ಆ ಹೊತ್ತಲ್ಲಿ 12 ವೋಲ್ಟ್ ಲೈನ್‌ನಿಂದ ಒಂದೊಂದು ಡಿಸ್ಕ್ 2 ಆಂಪಿಯರ್ ಹತ್ತಿರ ಎಳೆಯುತ್ತದೆ. ನನ್ನ ಡೆಸ್ಕ್‌ಟಾಪ್‌ನಲ್ಲಿ ಸಿಸ್ಟಂ ಇರುವುದು ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗವೇ ಇಲ್ಲದ ಚಿಪ್‌ನ ಡಿಸ್ಕ್), ಫೋಟೋ ಮತ್ತು ಬ್ಯಾಕಪ್ ಇರುವುದು ಹಾರ್ಡ್ ಡಿಸ್ಕ್‌ಗಳಲ್ಲಿ. ಸಿಸ್ಟಂ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದುಬಿಡುತ್ತದೆ. ಆದರೆ ಫೈಲ್ ಮ್ಯಾನೇಜರ್ ತೆರೆದರೆ ಅದು ಎಲ್ಲ ಡಿಸ್ಕ್‌ಗಳಲ್ಲಿ ಎಷ್ಟು ಜಾಗ ಇದೆ ಅಂತ ಕೇಳಲು ಹೋಗಿ, ದೊಡ್ಡ ಡಿಸ್ಕ್ ತಿರುಗಿ ತಯಾರಾಗುವ ತನಕ ಬಾಯಿ ಬಿಟ್ಟುಕೊಂಡು ಕೂರುತ್ತದೆ. ಮೆಷಿನ್ ಹ್ಯಾಂಗ್ ಆಗಿದೆ ಅಂತ ಪವರ್ ಬಟನ್ ಒತ್ತಿಬಿಡಬೇಡಿ. ಅದೇ ನಿಜವಾಗಿ 192 ಏರಿಸುವುದು.

ಇನ್ನೊಂದು ಕಿರಿಕಿರಿ: ಡಿಸ್ಕ್‌ನ ಸೆಟ್ಟಿಂಗ್ ಬದಲಾಯಿಸುವ ಎಚ್‌ಡಿಪಾರ್ಮ್ ಕಮಾಂಡ್‌ನಲ್ಲಿ ಕೊಟ್ಟದ್ದೆಲ್ಲ ಎದ್ದ ಮೇಲೆ ಮಾಯ. ಕರೆಂಟ್ ಪೂರ್ತಿ ಹೋಗಿ ಬಂದಿದೆ ಅಲ್ವಾ, ಅನೇಕ ಡಿಸ್ಕ್‌ಗಳು ಪಾರ್ಕಿಂಗ್ ಮಟ್ಟವನ್ನು, ಎಷ್ಟು ಹೊತ್ತಿಗೆ ನಿಲ್ಲಬೇಕು ಅನ್ನುವುದನ್ನು ಮರೆತು ಕಾರ್ಖಾನೆಯಿಂದ ಬಂದ ಹಾಗೆ ಆಗಿರುತ್ತವೆ. ಡೆಬಿಯನ್ ಲಿನಕ್ಸ್‌ನ ಎಚ್‌ಡಿಪಾರ್ಮ್ ಪ್ಯಾಕೇಜ್‌ನಲ್ಲಿ ಎದ್ದ ಮೇಲೆ ಮತ್ತೆ ಸೆಟ್ಟಿಂಗ್ ಹಾಕುವ ಒಂದು ಪುಟ್ಟ ಸ್ಕ್ರಿಪ್ಟ್ ಇದೆ. ನೀವು ಅದರ ಕಾನ್ಫಿಗ್ ಫೈಲ್‌ನಲ್ಲಿ ಬರೆದಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಟರ್ಮಿನಲ್‌ನಲ್ಲಿ ಸುಮ್ನೆ ಹೊಡೆದದ್ದು ಉಳಿಯುವುದಿಲ್ಲ. ಬೇರೆ ಕಡೆ ನೀವೇ ಬರೆಯಬೇಕು. ಬಹಳಷ್ಟು ಲಿನಕ್ಸ್‌ಗಳಲ್ಲಿ ಹಿನ್ನೆಲೆ ಕೆಲಸಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯಲ್ಲಿ ಸಿಸ್ಟಂ-ಸ್ಲೀಪ್ ಅನ್ನುವ ಫೋಲ್ಡರ್ ಇದೆ. ಅಲ್ಲಿ ಹಾಕಿದ ಸ್ಕ್ರಿಪ್ಟ್ ಮಲಗುವ ಮುಂಚೆ ‘ಪ್ರಿ’ ಅನ್ನುವ ಮಾತಿನೊಂದಿಗೆ, ಎದ್ದ ಮೇಲೆ ‘ಪೋಸ್ಟ್’ ಅನ್ನುವ ಮಾತಿನೊಂದಿಗೆ ಓಡುತ್ತದೆ. ನನ್ನ ಸ್ಕ್ರಿಪ್ಟ್ ‘ಪೋಸ್ಟ್’ ಬಂದಾಗ ಸ್ವಲ್ಪ ಹೊತ್ತು ಕಾದು, ಟೈಮರ್ ಮತ್ತೆ ಹಾಕಿ, ಬ್ಯಾಕಪ್ ಡಿಸ್ಕ್‌ಗೆ ವಾಪಸ್ ಮಲಗು ಅನ್ನುತ್ತದೆ. ಬೆಳಿಗ್ಗೆ ಮೇಲ್ ನೋಡಲು ಎಬ್ಬಿಸಿದರೆ ಬ್ಯಾಕಪ್ ಡಿಸ್ಕ್ ಯಾಕೆ ತಿರುಗಬೇಕು?

ಎಚ್‌ಡಿಪಾರ್ಮ್‌ನ ಟೈಮರ್ ಸಂಖ್ಯೆಗಳು ವಿಚಿತ್ರ, ಒಂದು ಎಚ್ಚರಿಕೆ. 1ರಿಂದ 240ರವರೆಗೆ ಒಂದೊಂದಕ್ಕೆ 5 ಸೆಕೆಂಡ್. ಅಂದರೆ 240 ಕೊಟ್ಟರೆ 20 ನಿಮಿಷ. 241 ಕೊಟ್ಟರೆ ಏಕಾಏಕಿ ಅರ್ಧ ಗಂಟೆ, 242 ಕೊಟ್ಟರೆ ಒಂದು ಗಂಟೆ. ಯಾರು ಯಾವ ಮೂಡ್‌ನಲ್ಲಿ ಬರೆದರೋ. ಪಾರ್ಕಿಂಗ್ ಮಟ್ಟದಲ್ಲಿ 127ರ ತನಕ ಡಿಸ್ಕ್ ತಾನಾಗಿ ನಿಲ್ಲಬಹುದು, 128ರಿಂದ 254ರ ತನಕ ನಿಲ್ಲುವಂತಿಲ್ಲ. ಇನ್ನೊಂದು, ಅದೇ ಕಮಾಂಡ್‌ಗೆ ಸೇರಿಸುವ ಚಿಕ್ಕ ‘ವೈ’ ಮತ್ತು ದೊಡ್ಡ ‘ವೈ’ ಅಕ್ಷರ ಬೇರೆ ಬೇರೆ. ಚಿಕ್ಕದು ಸ್ಟ್ಯಾಂಡ್‌ಬೈ, ಡಿಸ್ಕ್ ಮುಟ್ಟಿದರೆ ತಾನೇ ಏಳುತ್ತದೆ. ದೊಡ್ಡದು ಸ್ಲೀಪ್, ಅದನ್ನು ಎಬ್ಬಿಸಲು ರಿಸೆಟ್ ಕೊಡಬೇಕು. ಮನೆ ಬಳಕೆಗೆ ಚಿಕ್ಕದೇ ಸಾಕು.

ಇದೆಲ್ಲ ಎಸ್‌3 ಇರುವ ಕಡೆಯ ಮಾತು. ಲ್ಯಾಪ್‌ಟಾಪ್‌ಗಳ ಲೋಕವೇ ಬೇರೆಯಾಗಿದೆ. 2012ರಲ್ಲಿ ವಿಂಡೋಸ್ 8 ಜೊತೆ ಬಂದ ಕನೆಕ್ಟೆಡ್ ಸ್ಟ್ಯಾಂಡ್‌ಬೈ, ವಿಂಡೋಸ್ 10ರಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಆಯಿತು. ಆಮೇಲೆ ಬಂದ ಬಹಳಷ್ಟು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಎಸ್‌3 ಅನ್ನೇ ತೆಗೆದುಬಿಟ್ಟರು. ಈ ಹೊಸ ಥರದ ಸಸ್ಪೆಂಡ್ ಅನ್ನು ಲಿನಕ್ಸ್‌ನಲ್ಲಿ ಎಸ್-ಟು-ಐಡಲ್ ಅನ್ನುತ್ತಾರೆ. ಇದರಲ್ಲಿ ಮೆಷಿನ್ ಆಫ್ ಆಗುವುದಿಲ್ಲ, ಎಲ್ಲರೂ ಸುಮ್ಮನೆ ಕೂರುತ್ತಾರೆ ಅಷ್ಟೇ. ಪ್ರತಿಯೊಂದು ಭಾಗವೂ ತನ್ನ ಅತಿ ಆಳದ ನಿದ್ದೆಗೆ ಹೋದರೆ, ಆಗ ಮಾತ್ರ ಪ್ರೊಸೆಸರ್ ಕೂಡ ತನ್ನ ಆಳದ ನಿದ್ದೆಗೆ ಹೋಗುತ್ತದೆ. ಒಬ್ಬರು ಎಚ್ಚರ ಇದ್ದರೂ ಪ್ರೊಸೆಸರ್ ಅರೆನಿದ್ದೆಯಲ್ಲೇ ಇರುತ್ತದೆ. ಆ ಒಬ್ಬರು ಹೆಚ್ಚು ಸಲ ಎಸ್‌ಎಸ್‌ಡಿಯೇ ಆಗಿರುತ್ತಾರೆ.

ಎನ್‌ವಿಎಂಇ ಎಸ್‌ಎಸ್‌ಡಿಗೆ ಸೊನ್ನೆಯಿಂದ ಶುರುವಾಗಿ ಹಲವು ಪವರ್ ಸ್ಟೇಟ್‌ಗಳಿರುತ್ತವೆ. ಎನ್‌ವಿಎಂಇ ಟೂಲ್‌ನಲ್ಲಿ ಕಂಟ್ರೋಲರ್ ಮಾಹಿತಿ ಕೇಳಿದರೆ ಪಟ್ಟಿ ಬರುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್ ಎಸ್‌ಎಸ್‌ಡಿಯಲ್ಲಿ 0ನೇ ಸ್ಟೇಟ್ ಗರಿಷ್ಠ 8 ವ್ಯಾಟ್ ಹತ್ತಿರ, 3ನೆಯದು 0.05 ವ್ಯಾಟ್, 4ನೆಯದು 0.005 ವ್ಯಾಟ್ ಹೀಗೆ ಕಾಣಬಹುದು. ಕೊನೆಯದು ಬರೀ 5 ಮಿಲಿವ್ಯಾಟ್. ಅಲ್ಲಿಂದ ಹೊರಗೆ ಬರಲು 8000 ಮೈಕ್ರೋಸೆಕೆಂಡ್, ಅಂದರೆ 8 ಮಿಲಿಸೆಕೆಂಡ್, ಹಿಡಿಯುತ್ತದೆ ಅಂತಲೂ ಅದೇ ಪಟ್ಟಿಯಲ್ಲಿರುತ್ತದೆ. ಹಾರ್ಡ್ ಡಿಸ್ಕ್‌ಗೆ ಹೋಲಿಸಿದರೆ ಏನೇನೂ ಅಲ್ಲ. 2017ರ 4.11 ಕರ್ನೆಲ್‌ನಿಂದ ಲಿನಕ್ಸ್ ಎಚ್ಚರ ಇರುವಾಗಲೂ ಎಸ್‌ಎಸ್‌ಡಿಯನ್ನು ತಾನಾಗಿ ಈ ಸ್ಟೇಟ್‌ಗಳಿಗೆ ಜಾರಲು ಬಿಡುತ್ತದೆ. ಕೆಲವು ಎಸ್‌ಎಸ್‌ಡಿಗಳು ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆಳದ ಸ್ಟೇಟ್‌ಗೆ ಹೋದರೆ ವಾಪಸ್ ಬರುವುದೇ ಇಲ್ಲ ಅಂತ ಗೊತ್ತಾಗಿ, ಅಂಥವುಗಳ ಪಟ್ಟಿಯೇ ಕರ್ನೆಲ್ ಒಳಗೆ ಇದೆ.

ಇಲ್ಲಿ ಮತ್ತೆ ಅದೇ ಪ್ರಶ್ನೆ, ಹೇಳುವವರು ಯಾರು? ಮೊದಲು ಲಿನಕ್ಸ್ ಯಾವ ಸಸ್ಪೆಂಡ್ ಆದರೂ ಎಸ್‌ಎಸ್‌ಡಿಗೆ ‘ಶಟ್‌ಡೌನ್ ಆಗು’ ಅಂತಲೇ ಹೇಳುತ್ತಿತ್ತು. ಎಸ್‌3ಗೆ ಅದು ಸರಿ, ಹೇಗೂ ಕರೆಂಟ್ ಹೋಗುತ್ತದೆ. ಆದರೆ ಎಸ್-ಟು-ಐಡಲ್‌ನಲ್ಲಿ ಸಾಮಾನ್ಯವಾಗಿ ಕರೆಂಟ್ ಹೋಗುವುದಿಲ್ಲ. ಶಟ್‌ಡೌನ್ ಆದ ಎಸ್‌ಎಸ್‌ಡಿ, ಕರೆಂಟ್ ಇನ್ನೂ ಬರುತ್ತಿದ್ದರೆ, ತಾನೇ ಆಳದ ಸ್ಟೇಟ್‌ಗೆ ಹೋದಾಗಿನದಕ್ಕಿಂತ ಜಾಸ್ತಿ ತಿನ್ನಬಹುದು. ಅದಕ್ಕೆ 2019ರ 5.3 ಕರ್ನೆಲ್‌ನಿಂದ ನಿಯಮ ಬದಲಾಯಿತು. ಎಸ್-ಟು-ಐಡಲ್ ಆದರೆ ಬಾಕಿ ಕೆಲಸಗಳ ಕ್ಯೂ ಖಾಲಿ ಮಾಡಿ, ಅತಿ ಆಳದ ಪವರ್ ಸ್ಟೇಟ್‌ಗೆ ಹೋಗು ಅಂತ ಕರ್ನೆಲ್ಲೇ ಹೇಳುತ್ತದೆ. ಎಸ್‌ಎಸ್‌ಡಿಯನ್ನು ಪ್ರೊಸೆಸರ್‌ಗೆ ಜೋಡಿಸುವ ಪಿಸಿಐ ಲಿಂಕ್‌ನ ಕರೆಂಟ್ ಉಳಿತಾಯ, ಅಂದರೆ ಎಎಸ್‌ಪಿಎಂ, ಆಫ್ ಆಗಿದ್ದರೆ ಮಾತ್ರ ಹಳೇ ಪದ್ಧತಿ.

ಅಷ್ಟಕ್ಕೆ ಮುಗಿಯಲಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್ ಎಸ್-ಟು-ಐಡಲ್‌ನಲ್ಲೂ ಎಸ್‌ಎಸ್‌ಡಿಯ ಕರೆಂಟ್ ತೆಗೆಯುತ್ತದೆ. ಹಾಗೆ ತೆಗೆಯುವವರು ಎಸಿಪಿಐ ಟೇಬಲ್‌ನಲ್ಲಿ (ಬಯೋಸ್ ಆಪರೇಟಿಂಗ್ ಸಿಸ್ಟಂಗೆ ಕೊಡುವ ಮಾಹಿತಿ ಪಟ್ಟಿ) ‘ಸ್ಟೋರೇಜ್‌ಡಿ3ಎನೇಬಲ್’ ಅಂತ ಒಂದು ಗುರುತು ಇಡಬೇಕು, ಅದನ್ನು ನೋಡಿದರೆ ಕರ್ನೆಲ್ ‘ಓಹೋ, ಇಲ್ಲಿ ಕರೆಂಟ್ ಹೋಗುತ್ತದೆ’ ಅಂತ ಪೂರ್ತಿ ಶಟ್‌ಡೌನ್ ಹೇಳುತ್ತದೆ. ಗುರುತು ಇಡದೆ ಕರೆಂಟ್ ತೆಗೆಯುವ ಬಯೋಸ್‌ಗಳೂ ಇದ್ದವು. ಎಎಂಡಿಯ ಕೆಲವು ತಲೆಮಾರಿನ ಪ್ರೊಸೆಸರ್‌ಗಳಿಗೆ 2021ರ 5.14 ಕರ್ನೆಲ್‌ನಲ್ಲಿ ಗುರುತು ಇಲ್ಲದಿದ್ದರೂ ಇದೆ ಅಂದುಕೊಂಡೇ ನಡೆಯುವ ವ್ಯವಸ್ಥೆ ಬಂತು. ಕರ್ನೆಲ್ ‘ನೀನು ಮಲಗು, ಕರೆಂಟ್ ಇರುತ್ತದೆ’ ಅನ್ನುತ್ತದೆ, ಬಯೋಸ್ ಹಿಂದಿನಿಂದ ಬಂದು ಕರೆಂಟ್ ಕೀಳುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಎಸ್‌ಎಸ್‌ಡಿ ಇಲ್ಲಿ ಆ ಕೂಸು. ಲಿಡ್ ತೆರೆದರೆ ಎಸ್‌ಎಸ್‌ಡಿ ನಾಪತ್ತೆ, ಇಡೀ ಫೈಲ್ ಸಿಸ್ಟಂ ರೀಡ್-ಓನ್ಲಿ, ಯಾವ ಕಮಾಂಡ್ ಹೊಡೆದರೂ ಇನ್‌ಪುಟ್ ಔಟ್‌ಪುಟ್ ಎರರ್.

ಇದನ್ನು ಹಿಡಿಯಲು ಎಸ್‌ಎಸ್‌ಡಿಯ ಸ್ಮಾರ್ಟ್ ಮಾಹಿತಿಯಲ್ಲೂ ಒಂದು ಸಾಲು ಇದೆ, ‘ಅನ್‌ಸೇಫ್ ಶಟ್‌ಡೌನ್ಸ್’. ಹಾರ್ಡ್ ಡಿಸ್ಕ್‌ನ 192ಕ್ಕೆ ಇದು ತಮ್ಮ. ಪ್ರತಿ ಸಸ್ಪೆಂಡ್‌ಗೂ ಒಂದೊಂದು ಏರುತ್ತಿದ್ದರೆ ಬಯೋಸ್ ಹೇಳದೆ ಕರೆಂಟ್ ತೆಗೆಯುತ್ತಿದೆ ಅಂತ ಅರ್ಥ. ಆಗ ಮೊದಲು ಬಯೋಸ್ ಅಪ್‌ಡೇಟ್ ಇದೆಯಾ ನೋಡಿ, ಆಮೇಲೆ ಹೊಸ ಕರ್ನೆಲ್. ಉಲ್ಟಾ ಸಮಸ್ಯೆ ಇದ್ದರೆ, ಅಂದರೆ ಬಯೋಸ್ ಸುಮ್ನೆ ಗುರುತು ಇಟ್ಟು ಕರೆಂಟ್ ತೆಗೆಯದೆ ಬ್ಯಾಟರಿ ಸೋರುತ್ತಿದ್ದರೆ, ಎನ್‌ವಿಎಂಇ ಡ್ರೈವರ್‌ಗೆ ‘ನೋಎಸಿಪಿಐ’ ಅಂತ ಒಂದು ಪ್ಯಾರಾಮೀಟರ್ ಕೊಟ್ಟು ಆ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅನ್ನಬಹುದು.

ಬ್ಯಾಟರಿ ಸೋರುವ ಒಂದು ಕೇಸ್ ಹತ್ತಿರದಿಂದ ನೋಡಿದೆ. ಗೆಳೆಯ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಬೆಳಿಗ್ಗೆ ಶಿವಮೊಗ್ಗದಲ್ಲಿ ಇಳಿಯುವಷ್ಟರಲ್ಲಿ ಬ್ಯಾಗ್‌ನಲ್ಲಿದ್ದ ಲ್ಯಾಪ್‌ಟಾಪ್ ಬೆಚ್ಚಗಾಗಿರುತ್ತಿತ್ತು. ಬ್ಯಾಟರಿ ಮೂರನೇ ಒಂದು ಪಾಲು ಹೋಗಿರುತ್ತಿತ್ತು. ‘ಮಾರಾಯ, ಎಸ್‌ಎಸ್‌ಡಿ ದೊಡ್ಡದು ಹಾಕಿಸಿದ ಮೇಲೆ ಶುರುವಾಗಿದ್ದು ಇದು’ ಅಂದ. ಅಂಗಡಿಯವರು ಎಸ್‌ಎಸ್‌ಡಿ 5 ಮಿಲಿವ್ಯಾಟ್ ತಿನ್ನುತ್ತದೆ ಅಷ್ಟೇ, ಅದರಿಂದ ಆಗಲು ಸಾಧ್ಯವೇ ಇಲ್ಲ ಅಂದಿದ್ದರಂತೆ. ಲೆಕ್ಕಕ್ಕೆ ಸರಿ, ವಿಷಯಕ್ಕೆ ತಪ್ಪು. ಎಸ್‌ಎಸ್‌ಡಿ ಎಷ್ಟು ತಿನ್ನುತ್ತದೆ ಅನ್ನುವುದಲ್ಲ, ಅದು ಪಿಸಿಐ ಲಿಂಕ್ ಅನ್ನು ಆಳದ ಸ್ಥಿತಿಗೆ ಬಿಡುತ್ತದಾ ಅನ್ನುವುದು ಪ್ರಶ್ನೆ. ಬಿಡದಿದ್ದರೆ ಪ್ರೊಸೆಸರ್ ಮಲಗುವುದಿಲ್ಲ. 50 ವ್ಯಾಟ್-ಅವರ್ ಬ್ಯಾಟರಿ ಇದ್ದು ಮೆಷಿನ್ 2.5 ವ್ಯಾಟ್ ತಿನ್ನುತ್ತಿದ್ದರೆ 20 ಗಂಟೆಗೆ ಖಾಲಿ. ಸರಿಯಾಗಿ ಮಲಗಿ 0.25 ವ್ಯಾಟ್ ತಿಂದರೆ 200 ಗಂಟೆ, ಎಂಟು ದಿನ.

ನೋಡುವ ದಾರಿ ಸುಲಭ ಇದೆ. ಈಚಿನ ಕರ್ನೆಲ್‌ಗಳಲ್ಲಿ ಸಸ್ಪೆಂಡ್-ಸ್ಟ್ಯಾಟ್ಸ್ ಅನ್ನುವ ಫೋಲ್ಡರ್‌ನಲ್ಲಿ ‘ಲಾಸ್ಟ್ ಎಚ್‌ಡಬ್ಲ್ಯೂ ಸ್ಲೀಪ್’ ಅಂತ ಒಂದು ಫೈಲ್ ಇದೆ. ಕಳೆದ ಸಸ್ಪೆಂಡ್‌ನಲ್ಲಿ ಹಾರ್ಡ್‌ವೇರ್ ನಿಜವಾಗಿ ಎಷ್ಟು ಹೊತ್ತು ಆಳವಾಗಿ ಮಲಗಿತ್ತು ಅಂತ ಮೈಕ್ರೋಸೆಕೆಂಡ್‌ನಲ್ಲಿ ಹೇಳುತ್ತದೆ. ಲಿಡ್ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೆದರೆ 60 ಕೋಟಿ ಹತ್ತಿರ ಇರಬೇಕು. ಇವನದರಲ್ಲಿ ಸೊನ್ನೆ. ಹಳೇ ಎಸ್‌ಎಸ್‌ಡಿ ವಾಪಸ್ ಹಾಕಿದಾಗ ಸಂಖ್ಯೆ ಬಂತು. ಹೊಸದು ಹಾಕಿದರೆ ಮತ್ತೆ ಸೊನ್ನೆ. ಇದಕ್ಕಿಂತ ಸಾಕ್ಷಿ ಬೇಕಾ? ಕೊನೆಗೆ ಆ ಎಸ್‌ಎಸ್‌ಡಿ ಕಂಪನಿಯ ಸೈಟ್‌ನಲ್ಲಿ ಹೊಸ ಫರ್ಮ್‌ವೇರ್ ಇತ್ತು. ಅದನ್ನು ಹಾಕುವ ಟೂಲ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತಿತ್ತು, ಅವನ ತಮ್ಮನ ಮೆಷಿನ್‌ಗೆ ಸಿಕ್ಕಿಸಿ ಹಾಕಿದೆವು. ಆಮೇಲೆ ಸಂಖ್ಯೆ ಏರಿತು, ಬ್ಯಾಗ್ ತಣ್ಣಗಾಯಿತು. 2024 ಬಂದು ಹೋದರೂ ಫರ್ಮ್‌ವೇರ್ ಹಾಕಲು ಇನ್ನೊಬ್ಬರ ಕಂಪ್ಯೂಟರ್ ಸಾಲ ಕೇಳಬೇಕು ಅನ್ನುವುದು ನನಗಂತೂ ಅರ್ಥವಾಗುವುದಿಲ್ಲ.

ವಿಂಡೋಸ್‌ನವರು ‘ಪವರ್‌ಸಿಎಫ್‌ಜಿ’ ಕಮಾಂಡ್‌ಗೆ ‘ಎ’ ಸೇರಿಸಿ ಓಡಿಸಿದರೆ ಎಸ್‌3 ಇದೆಯಾ ಇಲ್ವಾ ಗೊತ್ತಾಗುತ್ತದೆ, ‘ಸ್ಲೀಪ್‌ಸ್ಟಡಿ’ ಸೇರಿಸಿದರೆ ಯಾರು ನಿದ್ದೆ ಕೆಡಿಸಿದರು ಅಂತ ವರದಿ ಬರುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ‘ಇಷ್ಟು ನಿಮಿಷಕ್ಕೆ ಹಾರ್ಡ್ ಡಿಸ್ಕ್ ಆಫ್ ಮಾಡು’ ಅಂತ ಇರುವುದಕ್ಕೂ ಸ್ಲೀಪ್‌ಗೂ ಸಂಬಂಧ ಇಲ್ಲ, ಅದು ಎಚ್ಚರ ಇರುವಾಗಿನ ಮಾತು.

ಕರೆಂಟ್ ಹೋಗುವ ಪ್ರಶ್ನೆಯನ್ನು ಮಲೆನಾಡಿನವರು ಕೇಳಿಯೇ ಕೇಳುತ್ತಾರೆ. ಡೆಸ್ಕ್‌ಟಾಪ್ ಸಸ್ಪೆಂಡ್‌ನಲ್ಲಿದ್ದಾಗ ಮಳೆಗೆ ಲೈನ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟರೆ? ರ‍್ಯಾಮ್‌ನಲ್ಲಿದ್ದದ್ದು ಹೋಯಿತು, ಸೇವ್ ಮಾಡದ ಫೈಲ್ ಹೋಯಿತು. ಡಿಸ್ಕ್‌ಗೆ ಏನೂ ಆಗುವುದಿಲ್ಲ, ಅದು ಆಗಲೇ ಆಫ್ ಆಗಿದೆ. ಮಲಗುವ ಮುಂಚೆ ಕರ್ನೆಲ್ ಫೈಲ್ ಸಿಸ್ಟಂಗಳನ್ನು ಸಿಂಕ್ ಮಾಡುತ್ತದೆ, ಲಾಗ್‌ನಲ್ಲಿ ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತಲೂ ಬರೆದಿರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಉಲ್ಟಾ: ಎಸ್-ಟು-ಐಡಲ್‌ನಲ್ಲೇ ಬ್ಯಾಟರಿ ಪೂರ್ತಿ ಖಾಲಿಯಾದರೆ, ಬರೀ ಮಲಗಿದ್ದ ಎಸ್‌ಎಸ್‌ಡಿಗೆ ಹೇಳದೆ ಕರೆಂಟ್ ಹೋದ ಹಾಗೆಯೇ. ಸಿಸ್ಟಂಡಿಯ ‘ಸಸ್ಪೆಂಡ್-ದೆನ್-ಹೈಬರ್ನೇಟ್’ ಇರುವುದು ಇದಕ್ಕೆ. ಸ್ವಲ್ಪ ಹೊತ್ತು ಮಲಗಿ, ಆಮೇಲೆ ತಾನೇ ಎದ್ದು, ರ‍್ಯಾಮ್ ಅನ್ನು ಡಿಸ್ಕ್‌ಗೆ ಬರೆದು ಪೂರ್ತಿ ಆಫ್ ಆಗುತ್ತದೆ. ರ‍್ಯಾಮ್‌ನಷ್ಟು ಸ್ವಾಪ್ ಜಾಗ (ಡಿಸ್ಕ್‌ನಲ್ಲಿ ಇದಕ್ಕೇ ಮೀಸಲಿಟ್ಟ ಜಾಗ) ಇಟ್ಟಿರಬೇಕು, ಅಷ್ಟೇ.

ಕೊನೆಗೆ ಯುಎಸ್‌ಬಿ ಡಿಸ್ಕ್. ಇಲ್ಲಿ ನಾನು ಯಾರನ್ನೂ ನಂಬುವುದಿಲ್ಲ. ಲಿನಕ್ಸ್ ಯುಎಸ್‌ಬಿ ಡಿಸ್ಕ್‌ಗಳ ಕ್ಯಾಶ್ ಖಾಲಿ ಮಾಡಿಸುತ್ತದೆ, ಆದರೆ ನಿಲ್ಲು ಅನ್ನುವ ಕಮಾಂಡ್ ಅನ್ನು ಸಾಮಾನ್ಯವಾಗಿ ಕಳಿಸುವುದಿಲ್ಲ. ಯಾಕೆಂದರೆ ಯುಎಸ್‌ಬಿಗೂ ಡಿಸ್ಕ್‌ಗೂ ನಡುವೆ ಇರುವ ಬ್ರಿಡ್ಜ್ ಚಿಪ್ ಅದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ಕೇಬಲ್‌ನಿಂದಲೇ ಕರೆಂಟ್ ತೆಗೆದುಕೊಳ್ಳುವ ಚಿಕ್ಕ ಡಿಸ್ಕ್, ಮದರ್‌ಬೋರ್ಡ್ ಪೋರ್ಟ್‌ನ ಕರೆಂಟ್ ತೆಗೆದರೆ ಟಕ್ ಅನ್ನುತ್ತದೆ. ತೆಗೆಯದಿದ್ದರೆ ರಾತ್ರಿಯಿಡೀ ತಿರುಗುತ್ತಾ ಇರಬಹುದು. ಎದ್ದಾಗ ಹೊಸ ಡಿಸ್ಕ್ ಬಂತು ಅಂದುಕೊಂಡು ಬೇರೆ ಹೆಸರು ಕೊಟ್ಟರೆ ಹಳೇ ಮೌಂಟ್ (ಡಿಸ್ಕ್ ಅನ್ನು ಫೋಲ್ಡರ್‌ಗೆ ಜೋಡಿಸಿದ್ದು) ಗಾಳಿಯಲ್ಲಿ. ಇದಕ್ಕೆ ಯುಎಸ್‌ಬಿ ಪರ್ಸಿಸ್ಟ್ ಅನ್ನುವ ವ್ಯವಸ್ಥೆ ಇದೆ, ಕರೆಂಟ್ ಹೋಗಿ ಬಂದರೂ ಅದೇ ಡಿಸ್ಕ್ ಅಂತ ಗುರುತು ಹಿಡಿಯುತ್ತದೆ. ಆದರೆ ಮಲಗಿದ್ದಾಗ ನೀವು ಅದೇ ಮಾದರಿಯ ಇನ್ನೊಂದು ಪೆನ್‌ಡ್ರೈವ್ ಚುಚ್ಚಿದರೆ, ಅಥವಾ ಕಾರ್ಡ್ ರೀಡರ್‌ನಲ್ಲಿ ಕಾರ್ಡ್ ಬದಲಾಯಿಸಿದರೆ, ಹಳೇದರ ಲೆಕ್ಕದಲ್ಲೇ ಹೊಸದರ ಮೇಲೆ ಬರೆದು ಡೇಟಾ ಹಾಳು ಮಾಡಬಹುದು ಅಂತ ಕರ್ನೆಲ್ ಡಾಕ್ಯುಮೆಂಟ್‌ನಲ್ಲೇ ಗಟ್ಟಿಯಾಗಿ ಎಚ್ಚರಿಸಿದ್ದಾರೆ.

ಹಾಗಾಗಿ ನನ್ನ ‘ಪ್ರಿ’ ಸ್ಕ್ರಿಪ್ಟ್‌ನಲ್ಲಿ ಒಂದೇ ಕೆಲಸ ಇದೆ: ಯುಎಸ್‌ಬಿ ಡಿಸ್ಕ್ ಮೌಂಟ್ ಆಗಿದ್ದರೆ ಅನ್‌ಮೌಂಟ್ ಮಾಡಿ ಯುಡಿಸ್ಕ್ಸ್ ಅನ್ನುವ ಟೂಲ್ ಮೂಲಕ ಪವರ್ ಆಫ್ ಮಾಡುವುದು. ಯಾವುದಾದರೂ ಫೈಲ್ ತೆರೆದಿದ್ದು ಅನ್‌ಮೌಂಟ್ ಆಗದಿದ್ದರೆ ಅದು ಲಾಗ್‌ನಲ್ಲಿ ಒಂದು ಸಾಲು ಬರೆದು ಬಿಟ್ಟುಬಿಡುತ್ತದೆ, ಸಸ್ಪೆಂಡ್ ತಡೆಯುವುದಿಲ್ಲ. ಸ್ವಂತ ಅಡಾಪ್ಟರ್ ಇರುವ ದೊಡ್ಡ ಡಬ್ಬಿ ಒಂದಿದೆ, ಅದಕ್ಕೆ ಯಾರು ಏನು ಹೇಳಿದರೂ ತಿರುಗುವುದು ನಿಲ್ಲಿಸುವುದಿಲ್ಲ. ಅದನ್ನು ಅನ್‌ಮೌಂಟ್ ಮಾಡಿ ಹಿಂದುಗಡೆಯ ಸ್ವಿಚ್ ಆಫ್ ಮಾಡಿದರಾಯಿತು. ಟಕ್ ಅನ್ನುತ್ತದೆ, 192 ಒಂದು ಏರುತ್ತದೆ. ವಾರಕ್ಕೊಮ್ಮೆ ಬಳಸುವ ಡಿಸ್ಕ್, 20 ಸಾವಿರ ಮುಟ್ಟುವ ತನಕ ಯಾರು ಕಾಯುತ್ತಾರೆ.